ಗೇಮ್ ಮಾಡೋಕೆ ಯಾವ ಸಾಫ್ಟ್‌ವೇರ್ ಮೇಡಂ?

ರಾತ್ರಿ ಹತ್ತರ ಬುಲೆಟಿನ್ ಮುಗಿಸಿ, ಮೇಕಪ್ ಒರೆಸಿಕೊಂಡು ಕಾರು ಹತ್ತುವಷ್ಟರಲ್ಲಿ ಹನ್ನೊಂದೂವರೆ ಆಗಿರುತ್ತದೆ. ನಮ್ಮ ಆಫೀಸಿನ ಡ್ರಾಪ್ ಕ್ಯಾಬ್ ಓಡಿಸುವ ಅಣ್ಣ ಮಂಡ್ಯ ಕಡೆಯವರು. ನಾಲ್ಕು ವರ್ಷದಿಂದ ನನ್ನನ್ನು ಮನೆಗೆ ಬಿಡುತ್ತಿದ್ದಾರೆ, ಆದರೆ ಮಾತು ಕಮ್ಮಿ. ಅವತ್ತು ಮಾತ್ರ ಎರಡನೇ ಸಿಗ್ನಲ್ ದಾಟಿದ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೇ ಕೇಳಿದರು.

"ಮೇಡಂ, ನೀವು ಇಂಜಿನಿಯರಿಂಗ್ ಓದಿರೋರಲ್ವಾ? ಗೇಮ್ ಮಾಡಕ್ಕೆ ಯಾವ್ ಸಾಫ್ಟ್‌ವೇರ್ ಕಲೀಬೇಕು?"

ಮಗ ಬಿಸಿಎ ಮೊದಲ ವರ್ಷ. ಗೇಮ್ ಮಾಡೋದು ಕಲಿತೇ ತೀರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಯಾವುದೋ ಒಂದು ಇನ್‌ಸ್ಟಿಟ್ಯೂಟ್‌ಗೆ ಹೋಗಿ ವಿಚಾರಿಸಿಕೊಂಡೂ ಬಂದಿದ್ದಾನೆ. ಆರು ತಿಂಗಳ ಕೋರ್ಸು, 85 ಸಾವಿರ ರೂಪಾಯಿ. ಭಾನುವಾರದ ಒಳಗೆ ಸೇರಿದರೆ ಹತ್ತು ಸಾವಿರ ಡಿಸ್ಕೌಂಟ್. ಇಎಂಐ ಕೂಡ ಉಂಟು. "ಇಎಂಐ ಗೋಳು ಬ್ಯಾಡ ಅಂತ ಮನೆಯೋಳ ಸರ ಅಡ ಇಡೋಣ ಅಂತಿದೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಅನುಮಾನ: "ಗೇಮ್ ಅಂದ್ರೆ ಆ ರಮ್ಮಿ ಥರದ್ದಾ ಮೇಡಂ? ಅದನ್ನ ಬ್ಯಾನ್ ಮಾಡವ್ರೆ ಅಂತ ನೀವೇ ಓದಿದ್ರಿ?"

ಹೌದು, ಓದಿದ್ದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ. ಗೇಮ್ ಮಾಡೋದು ಬೇರೆ, ಜೂಜು ಬೇರೆ. ಆ ಅನುಮಾನ ಅಲ್ಲಿಗೆ ಬಗೆಹರಿಯಿತು. ಉಳಿದದ್ದು ಬಗೆಹರಿಯಲಿಲ್ಲ. ಅಣ್ಣ ಡ್ಯಾಶ್‌ಬೋರ್ಡ್‌ನಿಂದ ಬ್ರೋಷರ್ ತೆಗೆದು ಹಿಂದಕ್ಕೆ ಕೊಟ್ಟರು. ಮೊಬೈಲ್ ಟಾರ್ಚ್ ಹಾಕಿಕೊಂಡು ಓದಿದೆ. ಸಿ++, ಸಿ ಶಾರ್ಪ್, ಪೈಥಾನ್, ಯೂನಿಟಿ, ಅನ್‌ರಿಯಲ್, ಬ್ಲೆಂಡರ್, ಅದರ ಮೇಲೆ ವಿಆರ್. ಎಲ್ಲಾ ಆರೇ ತಿಂಗಳಲ್ಲಿ! ಇದು ಕೋರ್ಸ್ ಅಲ್ಲ ಸ್ವಾಮಿ, ಹೋಟೆಲ್ ಮೆನು. ಮೆನುವಿನಲ್ಲಿ ಇರೋದನ್ನೆಲ್ಲ ಒಂದೇ ಸಲ ತಿಂದರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

"ಅಣ್ಣ, ಭಾನುವಾರ ಸೈನ್ ಹಾಕಬೇಡಿ. ಶನಿವಾರ ಹುಡುಗನನ್ನ ನಮ್ಮ ಕ್ಯಾಂಟೀನಿಗೆ ಕರ್ಕೊಂಡು ಬನ್ನಿ" ಅಂದೆ.

ಹಾಗೆ ಹೇಳೋಕೆ ನನಗೆ ಸ್ವಂತ ಕಾರಣವೂ ಇತ್ತು. ನಾನು ಇಂಜಿನಿಯರಿಂಗ್ ಆರನೇ ಸೆಮಿಸ್ಟರ್‌ನಲ್ಲಿದ್ದಾಗ ಗ್ರಾಫಿಕ್ಸ್ ಲ್ಯಾಬ್ ಅಂತ ಒಂದಿತ್ತು. ಸಿ++ ಮತ್ತು ಓಪನ್‌ಜಿಎಲ್ ಬಳಸಿ ಒಂದು ಮಿನಿ ಪ್ರಾಜೆಕ್ಟ್ ಮಾಡಬೇಕು. ನಾನು, ನನ್ನ ಗೆಳತಿ ಇಬ್ಬರೂ ಸೇರಿ ದಸರಾ ಮೆರವಣಿಗೆಯ ತ್ರೀಡಿ ಗೇಮ್ ಮಾಡೋಣ ಅಂತ ಹೊರಟೆವು. ಆನೆ, ಅಂಬಾರಿ, ಎರಡೂ ಕಡೆ ಜನ. ಮೊದಲ ಮೂರು ವಾರ ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಳ್ಳುವಂತೆ ಮಾಡೋದರಲ್ಲೇ ಹೋಯಿತು. ಆಮೇಲೆ ಬೆಳಕು ಬರಲಿಲ್ಲ. ಬೆಳಕು ಬಂದಾಗ ಆನೆ ಬರಲಿಲ್ಲ. ಆನೆ ಅಂದರೆ ನೂರಾರು ತ್ರಿಕೋನಗಳನ್ನು ಕೈಯಲ್ಲೇ ಲೆಕ್ಕ ಹಾಕಿ ಜೋಡಿಸಬೇಕಿತ್ತು! ಆ ಲೈಬ್ರರಿಯಲ್ಲಿ ರೆಡಿಮೇಡ್ ಆಗಿ ಒಂದು ಟೀಪಾಟ್ ಇರುತ್ತದೆ. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ಮಾಡಿದ ಮಾದರಿ. ಗ್ರಾಫಿಕ್ಸ್ ಕಲಿತವರಿಗೆಲ್ಲ ಅದರ ಪರಿಚಯ ಉಂಟು. ಕೊನೆಗೆ ನಾವು ಆ ಟೀಪಾಟ್‌ಗೆ ಬೂದು ಬಣ್ಣ ಬಳಿದು ಅದರ ಮೂತಿಯನ್ನೇ ಸೊಂಡಿಲು ಅಂತ ಹೇಳಿ ವೈವಾ ಮುಗಿಸಿದೆವು. ಮಾರ್ಕ್ಸ್ ಬಂತು, ಗೇಮ್ ಬರಲಿಲ್ಲ. ಪ್ರೋಗ್ರಾಮಿಂಗ್ ನನಗಲ್ಲ ಅಂತ ತೀರ್ಮಾನಿಸಿಬಿಟ್ಟೆ. ಅದು ತಪ್ಪು ತೀರ್ಮಾನ ಅಂತ ಅರ್ಥವಾಗೋಕೆ ಹತ್ತು ವರ್ಷ ಬೇಕಾಯಿತು. ಸರಿಯಿಲ್ಲದೇ ಇದ್ದದ್ದು ನನ್ನ ತಲೆ ಅಲ್ಲ, ಮೊದಲ ದಿನಕ್ಕೆ ನಾನು ಕೈಗೆತ್ತಿಕೊಂಡ ಸಾಮಾನು.

ಈಗ ವಿಷಯಕ್ಕೆ ಬರೋಣ. ಭಾಷೆ ಬೇರೆ, ಇಂಜಿನ್ ಬೇರೆ. ಜನ ಎರಡನ್ನೂ ಒಂದೇ ಬುಟ್ಟಿಗೆ ಹಾಕ್ತಾರೆ. ಸಿ++, ಸಿ ಶಾರ್ಪ್, ಪೈಥಾನ್, ಲುವಾ ಇವೆಲ್ಲ ಭಾಷೆಗಳು. ಕಂಪ್ಯೂಟರಿಗೆ ಏನು ಮಾಡು ಅಂತ ಹೇಳೋಕೆ ಇರೋದು. ಯೂನಿಟಿ, ಅನ್‌ರಿಯಲ್, ಗೋಡೋ ಇವು ಇಂಜಿನ್‌ಗಳು. ಚಿತ್ರ ಮೂಡಿಸೋದು, ಶಬ್ದ ಹೊರಡಿಸೋದು, ಒಂದು ವಸ್ತು ಇನ್ನೊಂದಕ್ಕೆ ತಾಗಿತಾ ಇಲ್ಲವಾ ಅಂತ ನೋಡೋದು, ಇಂಥ ಕೆಲಸವನ್ನೆಲ್ಲ ಯಾರೋ ಮೊದಲೇ ಮಾಡಿಟ್ಟಿರುತ್ತಾರೆ. ಅದರ ಮೇಲೆ ನೀವು ನಿಮ್ಮ ಆಟ ಕಟ್ಟುತ್ತೀರಿ. ನಾನು ಸುದ್ದಿ ಓದೋಕೆ ಮೊದಲು ಕ್ಯಾಮೆರಾ ತಯಾರಿಸಿ ಬರಲ್ಲ. ಕಾಲೇಜಿನಲ್ಲಿ ನಾವು ಮಾಡಿದ್ದು ಅದನ್ನೇ. ಕ್ಯಾಮೆರಾ ತಯಾರಿಸೋಕೆ ಹೋಗಿ ಬುಲೆಟಿನ್ ತಪ್ಪಿಸಿಕೊಂಡೆವು.

ಹಾಗಾದರೆ ಗೇಮ್ ಒಳಗೆ ನಡೆಯೋದಾದರೂ ಏನು? ಟಿವಿಯಲ್ಲಿ ನಾನು ಕಾಣಿಸುವಾಗ ಸೆಕೆಂಡಿಗೆ 25 ಚಿತ್ರಗಳು ಒಂದರ ಹಿಂದೆ ಒಂದು ಓಡುತ್ತಿರುತ್ತವೆ. ಗೇಮ್‌ನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 60. ವ್ಯತ್ಯಾಸ ಏನಂದ್ರೆ, ಟಿವಿ ಚಿತ್ರ ನಿಮ್ಮ ಮಾತು ಕೇಳಲ್ಲ, ಗೇಮ್ ಕೇಳುತ್ತೆ. ಸುಮಾರು 16 ಮಿಲಿಸೆಕೆಂಡಿಗೆ ಒಮ್ಮೆ ಅದು ಮೂರು ಕೆಲಸ ಮಾಡುತ್ತದೆ. ಆಟಗಾರ ಏನು ಒತ್ತಿದ ಅಂತ ನೋಡುತ್ತೆ. ಅದಕ್ಕೆ ತಕ್ಕಂತೆ ಲೆಕ್ಕ ಬದಲಿಸುತ್ತೆ, ಅಂದರೆ ಬುಟ್ಟಿ ಎಲ್ಲಿದೆ, ಸ್ಕೋರ್ ಎಷ್ಟು, ಜೀವ ಎಷ್ಟು ಉಳಿದಿದೆ ಅಂತ. ಆಮೇಲೆ ಹೊಸ ಚಿತ್ರ ಬಿಡಿಸುತ್ತೆ. ಮತ್ತೆ ಮೊದಲಿನಿಂದ. ಇದಕ್ಕೆ ಗೇಮ್ ಲೂಪ್ ಅಂತಾರೆ. ಇದು ತಲೆಗೆ ಹತ್ತಿದರೆ ಯಾವ ಸಾಫ್ಟ್‌ವೇರ್ ತೆರೆದರೂ ದಿಕ್ಕು ತಪ್ಪಲ್ಲ. ಹತ್ತದಿದ್ದರೆ 85 ಸಾವಿರ ಕೊಟ್ಟರೂ ವಿಡಿಯೋ ನೋಡಿ ಕಾಪಿ ಹೊಡೆಯೋದೇ ಆಗುತ್ತೆ.

ಶನಿವಾರ ಹುಡುಗ ಬಂದ. ಮೀಸೆ ಈಗಷ್ಟೇ ಮೂಡುತ್ತಿದೆ, ಕಣ್ಣಲ್ಲಿ ಸಂಕೋಚ. ಕಾಫಿ ಮುಟ್ಟಲಿಲ್ಲ. ಏನು ಮಾಡಬೇಕು ಅಂತ ಇದ್ದೀಯಪ್ಪ ಅಂದರೆ "ಬಿಜಿಎಂಐ ಥರದ್ದು ಅಕ್ಕ" ಅಂದ. ನಗು ಬರಲಿಲ್ಲ, ನನ್ನ ಅಂಬಾರಿ ನೆನಪಾಯಿತು. ಬಿಜಿಎಂಐ ಹಿಂದೆ ದೊಡ್ಡ ಕೊರಿಯನ್ ಕಂಪನಿ ಇದೆ, ನೂರು ಜನ ಒಟ್ಟಿಗೆ ಆಡುವ ಸರ್ವರ್‌ಗಳಿವೆ, ವರ್ಷಗಳ ಕೆಲಸ ಇದೆ. ಮೊದಲ ದಿನವೇ ಅದನ್ನು ಮುಂದಿಟ್ಟುಕೊಂಡರೆ ಹುಡುಗ ಆರನೇ ವಾರಕ್ಕೆ ನನ್ನ ಹಾಗೆ ಕೈ ಚೆಲ್ಲುತ್ತಾನೆ. ಇದನ್ನು ಅವನಿಗೆ ನೇರವಾಗಿ ಹೇಳಿದೆ. ಮುಖ ಸಣ್ಣದಾಯಿತು. ಆದರೂ ಹೇಳಬೇಕಿತ್ತು.

ಮನೆಯಲ್ಲಿ ಕಂಪ್ಯೂಟರ್ ಏನಿದೆ ಅಂದೆ. ಯಾವುದೋ ಆಫೀಸಿನವರು ಮಾರಿದ ಹಳೇ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್. ಅಲ್ಲಿಗೆ ಅನ್‌ರಿಯಲ್ ಕತೆ ಮುಗಿಯಿತು. ಅದನ್ನು ಇನ್‌ಸ್ಟಾಲ್ ಮಾಡೋಕೇ ಹತ್ತಾರು ಜಿಬಿ ಜಾಗ ಬೇಕು, ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಪುಣೆಯ ತಂಡವೊಂದು ನಮ್ಮ ಪುರಾಣದ ಜಗತ್ತನ್ನಿಟ್ಟುಕೊಂಡು ಮಾಡಿದ 'ರಾಜಿ' ಎಂಬ ಗೇಮ್ 2020ರಲ್ಲಿ ಬಂತಲ್ಲ, ಅದು ಅನ್‌ರಿಯಲ್‌ನಲ್ಲೇ ಆಗಿದ್ದು. ಆದರೆ ಲೈಸೆನ್ಸ್ ಮಾಡಿಸೋಕೆ ಹೊರಟವನಿಗೆ ಲಾರಿ ಕೊಡಲ್ಲ ನೋಡಿ. ಈ ಮಾತು ಅಣ್ಣನಿಗೆ ತಕ್ಷಣ ಹಿಡಿಸಿತು.

ನಾನು ಹೇಳಿದ್ದು ಸ್ಕ್ರ್ಯಾಚ್. ಅಮೆರಿಕದ ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿ 2007ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ಉಚಿತ. ಬ್ರೌಸರ್‌ನಲ್ಲೇ ತೆರೆಯುತ್ತೆ. ಕೋಡ್ ಟೈಪ್ ಮಾಡೋದೇ ಇಲ್ಲ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸೋದು. ಹುಡುಗನ ಮುಖ ಇನ್ನೂ ಸಣ್ಣದಾಯಿತು. "ಅದು ಚಿಕ್ ಮಕ್ಳದಲ್ವಾ ಅಕ್ಕ?" ಹೌದು, ಎಂಟು ವರ್ಷದ ಮಕ್ಕಳಿಂದ ಶುರು. ಅದಕ್ಕೇ ನಿನಗೆ ಎರಡೇ ವಾರ ಸಾಕು ಅಂದೆ.

ಬ್ರೋಷರ್ ಹಿಂಭಾಗ ಖಾಲಿ ಇತ್ತು. ಅದರ ಮೇಲೆ ಒಂದು ಚೌಕಟ್ಟು ಬರೆದೆ. ಸ್ಕ್ರ್ಯಾಚ್‌ನ ರಂಗಸ್ಥಳ 480 ಚುಕ್ಕಿ ಅಗಲ, 360 ಚುಕ್ಕಿ ಎತ್ತರ. ನಟ್ಟನಡುವೆ ಸೊನ್ನೆ. ಎಡಕ್ಕೆ ಹೋದರೆ ಎಕ್ಸ್ ಮೈನಸ್ 240, ಬಲಕ್ಕೆ ಪ್ಲಸ್ 240. ತಲೆ ಮೇಲೆ ವೈ 180, ಕಾಲಡಿ ಮೈನಸ್ 180. ಹೈಸ್ಕೂಲಿನಲ್ಲಿ ಗ್ರಾಫ್ ಹಾಳೆ ಮೇಲೆ ಹಾಕಿದ್ದೀವಲ್ಲ, ಅದೇ. ಈಗ ಕೆಳಗೆ ಒಂದು ಬುಟ್ಟಿ. ಬಲ ಬಾಣದ ಕೀ ಒತ್ತಿದರೆ ಬುಟ್ಟಿಯ ಎಕ್ಸ್‌ಗೆ 10 ಕೂಡಿಸು, ಎಡ ಬಾಣ ಒತ್ತಿದರೆ 10 ಕಳೆ. ಮೇಲೆ ಒಂದು ಮಾವಿನಕಾಯಿ. ಅದನ್ನು ವೈ 180ರಲ್ಲಿ ಇಡು. ಎಕ್ಸ್ ಎಷ್ಟು ಅಂತ ನೀನು ಹೇಳಬೇಡ, ಮೈನಸ್ 220ರಿಂದ 220ರ ಒಳಗೆ ಯಾವುದಾದರೂ ಒಂದನ್ನು ಕಂಪ್ಯೂಟರೇ ಆರಿಸಲಿ. ಪ್ರತಿ ಸುತ್ತಿಗೂ ವೈನಿಂದ 5 ಕಳೆ. ಬುಟ್ಟಿಗೆ ತಾಗಿದರೆ ಸ್ಕೋರ್‌ಗೆ 1 ಕೂಡಿಸಿ ಕಾಯಿಯನ್ನು ಮತ್ತೆ ಮೇಲಕ್ಕೆ ಕಳಿಸು. ನೆಲಕ್ಕೆ ಬಿದ್ದರೆ ಒಂದು ಜೀವ ಕಳೆ. ಮೂರು ಜೀವ ಹೋದರೆ ಆಟ ಮುಗೀತು.

ಇಷ್ಟೇನಾ ಅಂದ. ಇಷ್ಟೇ. ಆದರೆ ಇದರೊಳಗೆ ಏನೇನು ಬಂತು ನೋಡಿ. ವೇರಿಯಬಲ್ ಬಂತು, ಷರತ್ತು ಬಂತು, ಲೂಪ್ ಬಂತು, ರ‍್ಯಾಂಡಮ್ ಸಂಖ್ಯೆ ಬಂತು, ಡಿಕ್ಕಿ ಬಂತು, ಸೋಲು ಗೆಲುವು ಬಂತು. ಬಿಜಿಎಂಐ ಒಳಗೂ ಇರೋದು ಇವೇ, ಸಾವಿರ ಪಟ್ಟು ಹೆಚ್ಚು ಅಷ್ಟೇ. ಇನ್ನೊಂದು ಷರತ್ತು ಹಾಕಿದೆ: ಮುಗಿಸಬೇಕು. ಶುರುವಿನ ಪರದೆ ಇರಬೇಕು, ಸೋತಾಗ ಮತ್ತೆ ಆಡು ಅನ್ನುವ ಬಟನ್ ಇರಬೇಕು. ಅರ್ಧ ಆಟಗಳು ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತವೆ. ನನ್ನ ಹತ್ತಿರವೂ ಒಂದು ಟೀಪಾಟ್ ಇದೆ.

ಸ್ಕ್ರ್ಯಾಚ್ ಆದ ಮೇಲೆ ಏನು ಅಂತ ಅಣ್ಣನೇ ಕೇಳಿದರು. ಇಲ್ಲಿಂದ ಮುಂದೆ ನಿಜವಾದ ಆಯ್ಕೆ. ನಾನು ಹೇಳಿದ್ದು ಗೋಡೋ. ಅರ್ಜೆಂಟೀನಾದ ಹ್ವಾನ್ ಲಿನಿಯೆಟ್ಸ್ಕಿ, ಅರಿಯೆಲ್ ಮಂಜೂರ್ ಎಂಬಿಬ್ಬರು ಕಟ್ಟಿದ ಇಂಜಿನ್. 2014ರಲ್ಲಿ ಅದರ ಸೋರ್ಸ್ ಕೋಡನ್ನೇ ಬಹಿರಂಗ ಮಾಡಿದರು. ದುಡ್ಡಿಲ್ಲ, ರಾಯಲ್ಟಿ ಇಲ್ಲ. ಡೌನ್‌ಲೋಡ್ ಚಿಕ್ಕದು. ಹಳೇ ಕಂಪ್ಯೂಟರಿಗೆ ಅಂತಲೇ ಕಂಪ್ಯಾಟಿಬಿಲಿಟಿ ಎಂಬ ಬೇರೆ ರೆಂಡರರ್ ಇದೆ, ಹೊಸ ಪ್ರಾಜೆಕ್ಟ್ ತೆರೆಯುವಾಗ ಅದನ್ನೇ ಆರಿಸಿಕೊಳ್ಳಬೇಕು. ಅದರ ಭಾಷೆ ಜಿಡಿಸ್ಕ್ರಿಪ್ಟ್, ನೋಡೋಕೆ ಪೈಥಾನ್ ಥರಾನೇ ಇರುತ್ತೆ. ಸ್ಕ್ರ್ಯಾಚ್‌ನಲ್ಲಿ ತುಂಡು ಸಿಕ್ಕಿಸಿದ್ದನ್ನೇ ಇಲ್ಲಿ ಟೈಪ್ ಮಾಡೋದು. ಮಾಡಿದ ಗೇಮನ್ನು ಆಂಡ್ರಾಯ್ಡ್ ಫೋನಿಗೂ ಹಾಕಬಹುದು. ಅಪ್ಪನ ಫೋನಿನಲ್ಲಿ ಮಗನ ಆಟ ಓಡಿದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಇನ್‌ಸ್ಟಿಟ್ಯೂಟ್ ಕೊಡುತ್ತೆ ಹೇಳಿ?

ಪೈಥಾನ್ ಯಾಕಲ್ಲ ಅಂತ ಕೇಳೋರಿದ್ದಾರೆ. 1991ರಲ್ಲಿ ಹುಟ್ಟಿದ ಆ ಭಾಷೆ ಕಲಿಯೋಕೆ ಚೆನ್ನ. ಪೈಗೇಮ್ ಅನ್ನುವ ಲೈಬ್ರರಿ ಹಾಕಿಕೊಂಡು ಸಣ್ಣ ಗೇಮ್ ಮಾಡಬಹುದು. ಕಾಲೇಜಿನಲ್ಲಿ ಆಗಲೇ ಪೈಥಾನ್ ಕಲಿಸ್ತಾ ಇದ್ದರೆ ಅದರಲ್ಲೇ ಶುರು ಮಾಡಿ, ತಪ್ಪಿಲ್ಲ. ಆದರೆ ಫೋನಿಗೆ ಸಾಗಿಸುವಾಗ ತಲೆನೋವು. ಗೇಮ್‌ಮೇಕರ್ ಅಂತ ಇನ್ನೊಂದಿದೆ. ನೆದರ್‌ಲೆಂಡ್ಸ್‌ನ ಪ್ರೊಫೆಸರ್ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಶುರು ಮಾಡಿದ್ದು. ಟೂಡಿ ಆಟಕ್ಕೆ ಬಹಳ ಸಲೀಸು, ಮಾರಾಟಕ್ಕಲ್ಲದಿದ್ದರೆ ಈಗ ಉಚಿತ.

ಈಗ ಯೂನಿಟಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಎಲ್ಲ ಬ್ರೋಷರ್‌ನಲ್ಲೂ ಇದರ ಹೆಸರು ದಪ್ಪ ಅಕ್ಷರದಲ್ಲಿರುತ್ತೆ. 2005ರಲ್ಲಿ ಬಂದ ಇಂಜಿನ್, ಸಿ ಶಾರ್ಪ್ ಭಾಷೆ. ಪೋಕೆಮಾನ್ ಗೋ, ಅಮಾಂಗ್ ಅಸ್ ಎಲ್ಲ ಇದರಲ್ಲೇ ಆಗಿದ್ದು. ಕಲಿಯೋಕೆ ವಿಡಿಯೋಗಳು ರಾಶಿ ರಾಶಿ. ಇಂಥ ಕಂಪನಿ 2023ರ ಸೆಪ್ಟೆಂಬರ್ 12ರಂದು ಒಂದು ಬಾಂಬ್ ಹಾಕಿತು. ಮುಂದಿನ ಜನವರಿಯಿಂದ, ಒಂದು ಮಿತಿ ದಾಟಿದ ಗೇಮ್‌ಗಳು ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಕಟ್ಟಬೇಕು. ಕೆಳಗಿನ ಪ್ಲಾನ್‌ನವರಿಗೆ ಇನ್‌ಸ್ಟಾಲ್ ಒಂದಕ್ಕೆ 20 ಸೆಂಟ್. ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ, ಜೊತೆಗೆ 2 ಲಕ್ಷ ಇನ್‌ಸ್ಟಾಲ್ ದಾಟಿದವರಿಗೆ ಅನ್ವಯ. ಹೊಸಬರಿಗೆ ಇದು ತಟ್ಟುತ್ತಿರಲಿಲ್ಲ, ನಿಜ. ಆದರೆ ವರ್ಷಗಟ್ಟಲೆ ಆ ಇಂಜಿನ್ ನಂಬಿ ಕೆಲಸ ಮಾಡಿದವರಿಗೆ ನಡುದಾರಿಯಲ್ಲಿ ಟೋಲ್ ಗೇಟ್ ಎದ್ದು ನಿಂತ ಹಾಗಾಯಿತು. ಪ್ರಪಂಚದಾದ್ಯಂತ ಗಲಾಟೆ. ಹತ್ತೇ ದಿನಕ್ಕೆ ನಿಯಮ ಸಡಿಲವಾಯಿತು, ಅಕ್ಟೋಬರ್‌ನಲ್ಲಿ ಸಿಇಒ ಹುದ್ದೆ ಬಿಟ್ಟರು, 2024ರ ಸೆಪ್ಟೆಂಬರ್‌ನಲ್ಲಿ ಆ ಶುಲ್ಕವನ್ನೇ ಕೈಬಿಟ್ಟರು. ಆ ಗಲಾಟೆಯಲ್ಲಿ ಎಷ್ಟೋ ಜನ ಗೋಡೋ ಕಡೆ ತಿರುಗಿದರು.

ಹಾಗಂತ ಯೂನಿಟಿ ಮುಟ್ಟಬೇಡಿ ಅಂತ ನಾನು ಹೇಳ್ತಿಲ್ಲ. ಕೆಲಸಕ್ಕೆ ಸೇರುವ ಆಸೆ ಇದ್ದರೆ ಒಂದು ದಿನ ಅದರ ಹತ್ತಿರ ಹೋಗಲೇಬೇಕು. ಬೆಂಗಳೂರು ಈ ಉದ್ಯಮಕ್ಕೆ ಹೊಸದಲ್ಲ. 1997ರಲ್ಲೇ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಗಿತ್ತು, ಆಗ ಗೇಮ್ ಕಂಪನಿ ಅಂದರೆ ಬ್ಯಾಂಕಿನವರಿಗೂ ಅರ್ಥವಾಗದ ಕಾಲ. 2019ರಲ್ಲಿ ಅದನ್ನು ಕೊಂಡುಕೊಂಡವರು ಜಿಟಿಎ ಮಾಡುವ ರಾಕ್‌ಸ್ಟಾರ್‌ನವರು. ಅಂದರೆ ಕೆಲಸ ಇದೆ. ಆದರೆ ಇಂಟರ್‌ವ್ಯೂನಲ್ಲಿ ನೀನು ಏನು ಮಾಡಿದ್ದೀಯಾ ತೋರಿಸು ಅಂತಾರೆ, ಎಷ್ಟು ಫೀಸು ಕಟ್ಟಿದ್ದೀಯಾ ಅಂತ ಯಾರೂ ಕೇಳಲ್ಲ. ಮೂರು ಸಣ್ಣ ಗೇಮ್ ಮುಗಿಸಿದ ಹುಡುಗ ಯೂನಿಟಿಗೆ ಹೋದರೆ ಬಟನ್‌ಗಳ ಜಾಗ ಬೇರೆ, ಭಾಷೆ ಬೇರೆ, ಯೋಚನೆ ಅದೇ. ಬೇಕಿದ್ದರೆ ಆಗ ಕೋರ್ಸಿಗೂ ಸೇರಲಿ. ಏನು ಕೇಳಬೇಕು ಅಂತ ಆವಾಗ ಗೊತ್ತಿರುತ್ತೆ, ಮೇಷ್ಟ್ರು ಸುಳ್ಳು ಹೇಳಿದರೆ ಅದೂ ಗೊತ್ತಾಗುತ್ತೆ.

ಸಣ್ಣ ಸಾಮಾನು ಹಿಡಿದವರು ಸಣ್ಣವರಾಗೇ ಉಳೀತಾರಾ? ಹುಡುಗನಿಗೆ ಇದೇ ಭಯ. ಫೋನಿನಲ್ಲಿ ಎರಡು ಹೆಸರು ತೋರಿಸಿದೆ. ವ್ಯಾಂಪೈರ್ ಸರ್ವೈವರ್ಸ್ ಗೇಮನ್ನು ಲೂಕಾ ಗಲಾಂಟೆ ಮೊದಲು ಮಾಡಿದ್ದು ಫೇಸರ್ ಎಂಬ ಉಚಿತ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ. ಅಂದರೆ ಬ್ರೌಸರ್ ಆಟ ಮಾಡುವ ಸಾಮಾನು. ಆಟಗಾರ ಓಡಾಡೋದಷ್ಟೇ, ಆಯುಧ ತಾನಾಗೇ ಹಾರುತ್ತೆ. 2023ರಲ್ಲಿ ಬಾಫ್ಟಾದ ಅತ್ಯುತ್ತಮ ಗೇಮ್ ಪ್ರಶಸ್ತಿ ಅದಕ್ಕೇ ಬಂತು. ಎದುರಿಗಿದ್ದದ್ದು ಎಲ್ಡನ್ ರಿಂಗ್, ಗಾಡ್ ಆಫ್ ವಾರ್‌ನಂಥ ಭಾರಿ ಬಜೆಟ್ಟಿನ ಆಟಗಳು! ಇನ್ನೊಂದು ಬಲಾಟ್ರೋ. ಇಸ್ಪೀಟು ಎಲೆಗಳ ಆಟ, ಆದರೆ ದುಡ್ಡಿಟ್ಟು ಆಡೋದಲ್ಲ. ಕೆನಡಾದ ಒಬ್ಬನೇ ವ್ಯಕ್ತಿ ಲುವಾ ಭಾಷೆಯಲ್ಲಿ, ಲವ್ ಅನ್ನುವ ಉಚಿತ ಚೌಕಟ್ಟಿನಲ್ಲಿ ಮಾಡಿದ್ದು. 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಒಂದು ತಿಂಗಳೊಳಗೆ 10 ಲಕ್ಷ ಪ್ರತಿ ಹೋಯಿತು. ಎಲ್ಲರಿಗೂ ಹೀಗಾಗುತ್ತಾ? ಆಗಲ್ಲ. ಸಾವಿರಾರು ಗೇಮ್‌ಗಳನ್ನು ಯಾರೂ ತಿರುಗಿಯೂ ನೋಡಲ್ಲ. ಅದನ್ನೂ ಹೇಳಿದೆ, ಅಪ್ಪನ ಎದುರಿಗೇ ಹೇಳಿದೆ. ಬಿಸಿಎ ಬಿಡಬಾರದು ಅಂತಲೂ ಹೇಳಿದೆ. ಅಣ್ಣ ಆ ಮಾತಿಗೆ ತಲೆಯಾಡಿಸಿದಷ್ಟು ಬೇರೆ ಯಾವ ಮಾತಿಗೂ ಆಡಿಸಲಿಲ್ಲ.

ಹುಡುಗ ಬ್ರೋಷರ್ ಮಡಚಿ ಜೇಬಿಗೆ ಹಾಕಿಕೊಂಡ. ಅದರ ಹಿಂದೆ ಚೌಕಟ್ಟು, ಬುಟ್ಟಿ, ಮೈನಸ್ 240. ಭಾನುವಾರ ಇನ್‌ಸ್ಟಿಟ್ಯೂಟ್‌ನಿಂದ ನಾಲ್ಕು ಸಲ ಫೋನ್ ಬಂತಂತೆ. ಸೋಮವಾರವೂ ಅದೇ ಡಿಸ್ಕೌಂಟ್ ಇತ್ತಂತೆ.

ಮಾವಿನಕಾಯಿ ಆಟ ಹತ್ತು ದಿನಕ್ಕೆ ಮುಗಿಯಿತು. ಅದಾಗಿ ಎರಡು ವಾರಕ್ಕೆ ಒಂದು ರಾತ್ರಿ ಅಣ್ಣ ಕಾರು ಹೊರಡಿಸುವ ಮೊದಲೇ ಫೋನ್ ಕೊಟ್ಟರು. "ಮೇಡಂ, ಇದೇನೋ ಹೊಸ್ದ್ರಲ್ಲಿ ಮಾಡವ್ನೆ. ಮಾವಿನಕಾಯಿ ಮ್ಯಾಕ್ ಹೋಯ್ತಾವೆ. ನಿಮ್ಮನ್ನ ಕೇಳು ಅಂದ." ವಿಡಿಯೋ ನೋಡಿದೆ. ಹುಡುಗ ಗೋಡೋಗೆ ಬಂದಿದ್ದಾನೆ. ಸ್ಕ್ರ್ಯಾಚ್‌ನ ಲೆಕ್ಕವನ್ನೇ ಟೈಪ್ ಮಾಡಿದ್ದಾನೆ, ವೈನಿಂದ ಕಳೆಯುತ್ತಾ ಹೋಗಿದ್ದಾನೆ. ಕಾಯಿಗಳು ಸಾಲಾಗಿ ಆಕಾಶಕ್ಕೆ ಹಾರುತ್ತಿವೆ. ಸ್ಕ್ರ್ಯಾಚ್‌ನಲ್ಲಿ ವೈ ಹೆಚ್ಚಾದರೆ ಮೇಲೆ. ಗೋಡೋದ ಟೂಡಿಯಲ್ಲಿ ಉಲ್ಟಾ. ಸೊನ್ನೆ ಇರೋದು ಎಡಗಡೆ ಮೇಲಿನ ಮೂಲೆಯಲ್ಲಿ, ವೈ ಹೆಚ್ಚಾದಷ್ಟೂ ಕೆಳಗೆ. ಕಳೆಯುವ ಕಡೆ ಕೂಡಿಸು ಅಂತ ವಾಯ್ಸ್ ಮೆಸೇಜ್ ಕಳಿಸಿದೆ. ಮನೆ ತಲುಪುವ ಮೊದಲೇ ಉತ್ತರ ಬಂತು: "ಬಿತ್ತು ಅಕ್ಕ!"

ಮುಂದಿನ ವಾರ ಅಣ್ಣನ ಫೋನಿನಲ್ಲಿ ಆ ಆಟ ಕೂತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ನಾನೂ ಆಡಿದೆ. 14ಕ್ಕೆ ಔಟ್. ಫೋನ್ ವಾಪಸ್ ಕೊಡುವಾಗ ಅಣ್ಣ ಕನ್ನಡಿಯಲ್ಲಿ ನೋಡಿ ನಕ್ಕರು.

"ನಂದು 31 ಮೇಡಂ. ಮನೆಯೋಳ್ದು 52."